ತಟ್ಟಿದ ಜಾಗಕ್ಕೇ ಪೆಟ್ಟು

ಭಾರ ಎತ್ತುವ ದೊಡ್ಡ ಕೊಕ್ಕೆಗಳನ್ನು ಬಡಿದು ಮಾಡುವ ಆ ಕುಲುಮೆಯಲ್ಲಿ ಮೂರು ಒಲೆಗಳಿದ್ದವು. ಮೂರನೆಯದು ಗುಡುಗು ಮೇಸ್ತ್ರಿಯದು. ಐವತ್ತೆಂಟು ವರ್ಷ, ಗೂಳಿಯ ಕುತ್ತಿಗೆ, ಮೂಗಿನ ತುದಿಯಲ್ಲೇ ಕೋಪ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕೈಯಲ್ಲಿ ಇಕ್ಕಳವಿದ್ದರೆ ಇಕ್ಕಳ ಎಸೆಯುತ್ತಿದ್ದ, ಇಲ್ಲದಿದ್ದರೆ ಎದುರಿಗಿದ್ದವನ ಕತ್ತು ಹಿಡಿದು ಗೋಡೆಗೆ ಗುದ್ದುತ್ತಿದ್ದ. ಅವನ ಎಡ ಮುಂಗೈ ಮೇಲೆ ಇಕ್ಕಳದ ಅಚ್ಚಿನಂಥ ಸುಟ್ಟ ಗಾಯವಿತ್ತು. ಕೆಲಸ ಕಲಿಸಿದ ಗುರು ಕಾಸಿ ಇಟ್ಟದ್ದು. ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದ.

"ಪೆಟ್ಟು ತಿನ್ನದೆ ಕಬ್ಬಿಣನೂ ಕೊಕ್ಕೆ ಆಗಲ್ಲ, ಕತ್ತೆನೂ ಮನುಷ್ಯ ಆಗಲ್ಲ," ಅನ್ನುವುದು ಅವನ ಮಾತು. ಅವನ ಹೆಂಡತಿ ಇದನ್ನು ಕೇಳಿದಾಗಲೆಲ್ಲ, "ಹೌದೌದು, ನೀವೂ ಬೇಕಾದಷ್ಟು ತಿಂದಿದ್ದೀರಿ, ಇನ್ನೂ ಆಗಿಲ್ಲ ನೋಡಿ," ಅನ್ನುತ್ತಿದ್ದಳು. ಇಡೀ ಊರಿನಲ್ಲಿ ಅವನಿಗೆ ಹಾಗೆ ಅನ್ನುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ.

ಕುಲುಮೆಯಲ್ಲಿ ಒಂದೊಂದು ಒಲೆಗೂ ಇಬ್ಬರು. ಬಡಿಯುವುದಕ್ಕೆಂದೇ ಇರುವ ಉಕ್ಕಿನ ದಿಮ್ಮಿ, ಅಡಿಗಲ್ಲು, ಅದರ ಮೇಲೆ ಮೇಸ್ತ್ರಿ ಎಡಗೈಯ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಒಂದು ಜಾಗ ತಟ್ಟುತ್ತಾನೆ. ಶಿಷ್ಯ ದೊಡ್ಡ ಸುತ್ತಿಗೆ ಎತ್ತಿ ಆ ಜಾಗಕ್ಕೇ ಇಳಿಸುತ್ತಾನೆ. ಕಬ್ಬಿಣ ಬಿಟ್ಟು ಬರಿಯ ಅಡಿಗಲ್ಲನ್ನು ತಟ್ಟಿದರೆ, ನಿಲ್ಲಿಸು ಅಂತ. ಬೆಂಕಿಯ ಆರ್ಭಟದಲ್ಲಿ ಕಿರುಚಿದರಷ್ಟೇ ಬಾಯಿಮಾತು ಕೇಳಿಸುವುದು, ಸುತ್ತಿಗೆಯದೇ ಮಾತು.

ಕುಲುಮೆಯ ಯಜಮಾನಿ ಒಂದು ಕಟ್ಟಳೆ ಮಾಡಿದ್ದಳು. ವರ್ಷದ ಕೊನೆಯ ಕೆಲಸದ ದಿನ ಒಲೆಗಳನ್ನು ಆರಿಸಿ, ಪ್ರತಿ ಗುರುಶಿಷ್ಯರ ಜೋಡಿಯೂ ಸುತ್ತಿಗೆಗಳನ್ನು ಅಡಿಗಲ್ಲಿನ ಮೇಲಿಟ್ಟು ಅದರ ಮುಂದೆ ನಿಲ್ಲಬೇಕು. ಮೊದಲ ಮಾತು ಶಿಷ್ಯನದು: ಈ ವರ್ಷ ಏನು ಕಲಿತೆ, ಏನು ಅನುಭವಿಸಿದೆ, ಇನ್ನೊಂದು ವರ್ಷ ಇರುತ್ತೀಯಾ? ಇರುವುದಾದರೆ ಇಬ್ಬರೂ ತಮ್ಮ ಸುತ್ತಿಗೆ ಎತ್ತಿಕೊಳ್ಳಬೇಕು. ಇಲ್ಲವಾದರೆ ಅವು ಅಡಿಗಲ್ಲಿನ ಮೇಲೇ ಉಳಿಯುತ್ತವೆ, ಮೇಸ್ತ್ರಿ ಆ ಶಿಷ್ಯನ ಕೈಕೆಲಸದ ಬಗ್ಗೆ ಎಲ್ಲರೆದುರು ಒಂದು ಮಾತು ಹೇಳಿ ಕಳಿಸಬೇಕು. ಆ ಒಂದು ಮಾತಿನ ಮೇಲೇ ಬೇರೆ ಮೇಸ್ತ್ರಿಗಳು ಕರೆದುಕೊಳ್ಳುವುದು, ಬಿಡುವುದು. ಗುಡುಗು ಮೇಸ್ತ್ರಿ ಬಿಟ್ಟುಹೋದವರಿಗೆಲ್ಲ ಹೇಳಿ ಕಳಿಸಿದ ಮಾತು ಒಂದೇ: "ಕತ್ತೆ ಕಾಯೋಕೂ ಲಾಯಕ್ಕಿಲ್ಲ." ಅವರಲ್ಲಿ ಒಬ್ಬನೂ ಮತ್ತೆ ಯಾವ ಕುಲುಮೆಯಲ್ಲೂ ಕಾಣಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಸತತ ಮೂರು ವರ್ಷ ಶಿಷ್ಯರು ಬಿಟ್ಟುಹೋದರೆ ಮೇಸ್ತ್ರಿ ಒಲೆ ಬಿಟ್ಟು ಸಾಣೆ ಹಿಡಿಯಲು ಹೋಗಬೇಕು. ಗುಡುಗು ಮೇಸ್ತ್ರಿಗೆ ಆಗಲೇ ಎರಡು ವರ್ಷ ಹೋಗಿತ್ತು.

ಮೂರನೇ ವರ್ಷ ಬಂದವಳನ್ನು ಎಲ್ಲರೂ ಬಂಡೆ ಅಂತ ಕರೆಯುತ್ತಿದ್ದರು. ಅಕ್ಕಿ ಮಂಡಿಯಲ್ಲಿ ಮೂಟೆ ಹೊತ್ತು ಬೆಳೆದ ಹೆಂಗಸು, ವಯಸ್ಸು ಮೂವತ್ತೈದು, ಮಾತು ಕಡಿಮೆ. ಮೊದಲ ದಿನವೇ ಮೇಸ್ತ್ರಿ ಅವಳಿಗೆ ಹೇಳಿದ, "ಕಣ್ಣು ನನ್ನ ಸುತ್ತಿಗೆ ಮೇಲಿರಲಿ. ತಟ್ಟಿದ ಕಡೆ ಹೊಡಿ. ಯೋಚನೆ ಮಾಡೋದು ನನ್ನ ಕೆಲಸ, ನಿನ್ನದಲ್ಲ." ಎರಡನೇ ದಿನ ಅವಳು ಒಂದು ಕ್ಷಣ ಯೋಚಿಸಿದಳು, ಪೆಟ್ಟು ತಡವಾಯಿತು. ಇಕ್ಕಳ ಹಾರಿ ಬಂದು ಹಣೆ ಸೀಳಿತು. ಅವಳು ರಕ್ತ ಒರೆಸಿಕೊಂಡು ಮತ್ತೆ ಸುತ್ತಿಗೆ ಎತ್ತಿದಳು. ತಪ್ಪಿದಾಗಲೆಲ್ಲ ದೊಡ್ಡ ಸುತ್ತಿಗೆಯನ್ನು ತಲೆಯ ಮೇಲೆತ್ತಿ ನಿಲ್ಲುವ ಶಿಕ್ಷೆ. ತೋಳು ನಡುಗಿ ಇಳಿದರೆ ಮೊಣಕಾಲಿಗೆ ಒದೆತ. ಬೇಸಿಗೆ ಕಳೆಯುವಷ್ಟರಲ್ಲಿ ಮೇಸ್ತ್ರಿಯ ಸುತ್ತಿಗೆ ಟಣ್ ಅಂದರೆ ಸಾಕು, ಅವಳ ತೋಳು ತಾನಾಗಿಯೇ ಇಳಿಯುತ್ತಿತ್ತು. ಅಯ್ಯೋ, ಅದನ್ನು ನೋಡಿ ಅವನು ಎಷ್ಟು ಬೀಗಿದ!

ವರ್ಷ ಮುಗಿಯಲು ಹದಿನೈದು ದಿನ ಇರುವಾಗ ಒಂದು ಕೊಕ್ಕೆಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅಂಥ ಕೊಕ್ಕೆ ಮುರಿದರೆ ಕೆಳಗೆ ನಿಂತವರ ಹೆಣ ಬೀಳುತ್ತದೆ. ಮೇಸ್ತ್ರಿ ಆರಿದ ಕೊಕ್ಕೆಯನ್ನು ತಂದು ಅಡಿಗಲ್ಲಿನ ಮೇಲೆ ಕುಕ್ಕಿದ.

"ಬಾ ಇಲ್ಲಿ, ದರಿದ್ರದೋಳೇ! ಎತ್ತು ಸುತ್ತಿಗೆ! ಎತ್ಕೊಂಡು ನಿಂತು ನೋಡು!"

ಅವಳು ಎತ್ತಿ ನಿಂತಳು. ಅವನು ಎಡಗೈಯ ಎರಡು ಬೆರಳನ್ನು ಬಿರುಕಿನ ಮೇಲಿಟ್ಟು ಗರ್ಜಿಸಿದ, "ಇಲ್ಲಿ! ಕಾಣ್ಸುತ್ತಾ? ಇಲ್ಲಿ! ಇಲ್ಲಿ!"

ಸುತ್ತಿಗೆ ಇಳಿಯಿತು.

ಮೂಳೆ ಪುಡಿಯಾದದ್ದು ಪಕ್ಕದ ಒಲೆಯವರಿಗೂ ಕಂಡಿತು. ಎರಡು ಬೆರಳು ಕೊಕ್ಕೆಗೆ ಅಂಟಿಕೊಂಡು ಚಪ್ಪಟೆಯಾದವು. ಮೇಸ್ತ್ರಿ ಕೈಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ಬೇಕಂತ್ಲೇ ಹೊಡೆದ್ಲು! ಬೇಕಂತ್ಲೇ!" ಅಂತ ಕಿರುಚಿ ಬಿದ್ದ.

ಅಷ್ಟು ಸಾಕಾಯಿತು. ಕಲ್ಲಿದ್ದಲು ತುಂಬುವ ಕೆಲಸಕ್ಕಿದ್ದ ಅವನ ಬಾಮೈದ ಸಲಾಕಿ ಹಿಡಿದು ಓಡಿಬಂದ. ಬಂಡೆಯನ್ನು ನಾಲ್ಕು ಜನ ಕೂದಲು ಹಿಡಿದು ಅಂಗಳಕ್ಕೆ ಎಳೆದರು. ಬಾಮೈದನ ಮೂರನೇ ಏಟಿಗೆ ಅವಳ ಭುಜದ ಮೂಳೆ ಮುರಿಯಿತು. ಬಿದ್ದವಳ ಪಕ್ಕೆಗೆ ಬೂಟಿನಲ್ಲಿ ಒದ್ದರು. ಯಜಮಾನಿ ಬಂದು ಬಕೆಟ್ ನೀರು ಎರಚಿದ ಮೇಲೇ ಆ ನಾಯಿಗಳು ಬಿಟ್ಟದ್ದು. ನಾಯಿಗಳು ಅಂದದ್ದು ತಪ್ಪಾಯಿತು, ನಾಯಿಗಳಿಗೂ ಒಂದು ಮರ್ಯಾದೆ ಇರುತ್ತದೆ.

"ಕೊನೇ ದಿನ ಅಡಿಗಲ್ಲಿನ ಮುಂದೆ ವಿಚಾರ ಮಾಡ್ತೀನಿ," ಅಂದಳು ಯಜಮಾನಿ. "ಬೇಕಂತ ಹೊಡೆದಿದ್ರೆ ಅವಳು ಜೈಲಿಗೆ, ಮೇಸ್ತ್ರಿ ಒಲೆ ಮೇಸ್ತ್ರಿಗೇ. ಅಲ್ಲಿವರೆಗೆ ಯಾರಾದ್ರೂ ಕೈ ಎತ್ತಿದ್ರೆ ಹುಷಾರ್."

ಮೇಸ್ತ್ರಿಗೆ ಅನುಮಾನವೇ ಇರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದವನು ಮೂರು ಬೆರಳಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ಕಡಿಯುತ್ತ ಕೂತ. ಅವಳು ಜೈಲಿನಲ್ಲಿ ಕೊಳೆಯಬೇಕು, ತಾನು ಒಲೆಯ ಮುಂದೆ ನಿಲ್ಲಬೇಕು, ಅಷ್ಟೇ ಅವನ ತಲೆಯಲ್ಲಿ. ಕೊನೆಯ ದಿನಕ್ಕೆ ಇನ್ನೆರಡು ದಿನ ಇರುವಾಗ ಮಧ್ಯಾಹ್ನದ ಊಟಕ್ಕೆ ಉಪ್ಪು ಸಾಲದಾಯಿತು.

"ಉಪ್ಪು ಎಲ್ಲೇ? ನಾಲಿಗೆ ಸತ್ತೋಗಿದೆಯಾ ನಿಂದು? ಉಪ್ಪೆಲ್ಲಿ, ಉಪ್ಪೆಲ್ಲಿ?"

ಹೆಂಡತಿ ಉಪ್ಪಿನ ಡಬ್ಬಿ ತರಲಿಲ್ಲ. ನಿಂತಲ್ಲೇ ನಿಂತು ಅವನ ತಟ್ಟೆ ನೋಡುತ್ತಿದ್ದಳು.

"ಏನ್ರೀ, ಅವತ್ತೂ ಹೀಗೇ ತಟ್ಟಿದ್ರಾ?"

"ಏನು ತಟ್ಟಿದ್ದು?"

"ಬಲಗೈ ನೋಡ್ಕೊಳ್ಳಿ."

ನೋಡಿಕೊಂಡ. ಬಲಗೈಯ ಚಮಚ ತಟ್ಟೆಯ ಅಂಚಿನ ಮೇಲಿತ್ತು. ಒಂದೊಂದು ಬೈಗುಳಕ್ಕೂ ಅದು ಒಂದೊಂದು ಏಟು ಹಾಕಿತ್ತು, ಅವನಿಗೆ ಗೊತ್ತೇ ಇಲ್ಲದೆ.

"ಮೂವತ್ತು ವರ್ಷದಿಂದ ಹೀಗೇ," ಅಂದಳು ಅವಳು. "ಬಾಯಿ ಜೋರಾದ್ರೆ ಕೈಯೂ ತಾಳ ಹಾಕುತ್ತೆ. ಮನೇಲಿ ನೆಟ್ಟಗಿರೋ ತಟ್ಟೆ ಒಂದಾದ್ರೂ ಇದ್ರೆ ತೋರಿಸಿ. ಅವತ್ತು ನಿಮ್ಮ ಬಲಗೈಯಲ್ಲಿ ಏನಿತ್ತು?"

ಬಲಗೈಯಲ್ಲಿ ಸಣ್ಣ ಸುತ್ತಿಗೆ ಇತ್ತು. ಇಲ್ಲಿ, ಇಲ್ಲಿ, ಇಲ್ಲಿ ಅಂದಷ್ಟು ಸಲವೂ ಅದು ಬೆರಳ ಪಕ್ಕದಲ್ಲೇ ಕೊಕ್ಕೆಯನ್ನು ತಟ್ಟಿತ್ತು. ಅವನು ತಟ್ಟೆಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದ, ಗಾಜಿನ ಲೋಟ ಎಸೆದ, ಮಣೆಯನ್ನು ಒದ್ದ. ಎಲ್ಲ ಮುಗಿದ ಮೇಲೆ ಒಡೆಯಲು ಏನೂ ಉಳಿಯದೆ ನೆಲದ ಮೇಲೆ ಕುಸಿದು ಕೂತ. ಬಾಯಿ ಮುಚ್ಚಿಕೊಂಡಿದ್ದರೆ ಒಲೆ ಉಳಿಯುತ್ತದೆ. ಬಾಯಿ ಬಿಟ್ಟರೆ ಮೂರನೇ ಶಿಷ್ಯೆಯೂ ಹೋದ ಲೆಕ್ಕ, ನಲವತ್ತು ವರ್ಷದ ಬದುಕು ಸಾಣೆಯ ಪಾಲು. ಹೆಂಡತಿ ಅಕ್ಕಿ ಗುಡಿಸುವ ಹಾಗೆ ಚೂರುಗಳನ್ನು ಗುಡಿಸಿದಳು.

ಕೊನೆಯ ದಿನ ಒಲೆಗಳು ಆರಿದ್ದವು. ಮೊದಲ ಎರಡು ಜೋಡಿಗಳು ಸುತ್ತಿಗೆ ಎತ್ತಿಕೊಂಡು ಸರಿದವು. ಬಂಡೆ ಭುಜಕ್ಕೆ ಪಟ್ಟಿ ಕಟ್ಟಿಕೊಂಡು, ಒಂದು ಕಣ್ಣು ಇನ್ನೂ ಕಪ್ಪಾಗಿರುವಾಗಲೇ ಬಂದು ನಿಂತಳು.

"ಏನು ಕಲಿತೆ?" ಯಜಮಾನಿ ಕೇಳಿದಳು.

"ತಟ್ಟಿದ ಕಡೆ ಹೊಡಿಯೋದು. ಮೇಸ್ತ್ರಿ ತಟ್ಟಿದ್ರು, ನಾನು ಹೊಡೆದೆ. ಬೆರಳು ಕಂಡಾಗ ನನ್ನ ತೋಳು ಆಗ್ಲೇ ಇಳಿದಾಗಿತ್ತು."

"ಸುಳ್ಳುಬುರುಕಿ!" ಅಂತ ಬಾಮೈದ ನುಗ್ಗಿ ಅವಳ ಮುರಿದ ಭುಜಕ್ಕೇ ಕೈ ಹಾಕಿದ. ಅವಳು ಚೀರಿದಳು. ಜನ ಮುಂದೊತ್ತಿತು.

ಟಣ್! ಮೇಸ್ತ್ರಿ ತನ್ನ ಸಣ್ಣ ಸುತ್ತಿಗೆಯಿಂದ ಬರಿಯ ಅಡಿಗಲ್ಲನ್ನು ತಟ್ಟಿದ್ದ. ನಿಲ್ಲಿಸು. ಕುಲುಮೆಯ ಜನಕ್ಕೆ ಆ ಸದ್ದು ರಕ್ತದಲ್ಲೇ ಸೇರಿತ್ತು, ಎಲ್ಲರೂ ನಿಂತಲ್ಲೇ ನಿಂತರು, ಬಾಮೈದನ ಕೈಯೂ ಸಡಿಲವಾಯಿತು.

"ಬಿಡೋ ಅವಳನ್ನ," ಅಂದ ಮೇಸ್ತ್ರಿ. "ತಟ್ಟಿದ್ದು ನಾನೇ. ಬಯ್ಯೋವಾಗ ನನ್ನ ಕೈ ಸುಮ್ನಿರಲ್ಲ. ಎದುರಿಗೆ ಇವಳು ಸುತ್ತಿಗೆ ಎತ್ತಿ ನಿಂತಿದ್ಳು, ಹಾಗೆ ಎತ್ತಿ ನಿಲ್ಲು ಅಂದೋನೂ ನಾನೇ."

ಯಜಮಾನಿ ಬಂಡೆಯ ಕಡೆ ತಿರುಗಿ ಕೇಳಿದಳು, "ಇನ್ನೊಂದು ವರ್ಷ ಇರ್ತೀಯಾ?"

ತಾನು ನಿಜ ಹೇಳಿದ್ದಕ್ಕೆ ಅವಳು ಇರುತ್ತೇನೆ ಅನ್ನಬಹುದು ಅಂತ ಮೇಸ್ತ್ರಿಗೆ ಒಂದು ಸಣ್ಣ ಆಸೆ. ಆಸೆಗೇನು, ಎಲ್ಲಿ ಬೇಕಾದರೂ ಚಿಗುರುತ್ತದೆ.

"ಇಲ್ಲಮ್ಮ," ಅಂದಳು ಬಂಡೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. "ಮೇಸ್ತ್ರಿ ಸುತ್ತಿಗೆ ಸದ್ದು ಕೇಳಿದ್ರೆ ನನ್ನ ತೋಳು ನನ್ನ ಮಾತು ಕೇಳಲ್ಲ. ಇನ್ನೊಂದು ವರ್ಷ ನಿಂತ್ರೆ ಯಾರ ತಲೆ ಮೇಲೆ ಇಳಿಯುತ್ತೋ."

ಮೇಸ್ತ್ರಿ ತನ್ನ ಸುತ್ತಿಗೆಯನ್ನು ಅವಳ ದೊಡ್ಡ ಸುತ್ತಿಗೆಯ ಪಕ್ಕದಲ್ಲಿ ಮಲಗಿಸಿದ. ಒಲೆ ಹೋಯಿತು.

"ಇವಳ ಕೈಕೆಲಸದ ಬಗ್ಗೆ ಒಂದು ಮಾತು ಹೇಳಿ, ಮೇಸ್ತ್ರಿ," ಅಂದಳು ಯಜಮಾನಿ. ಕತ್ತೆಯ ಮಾತು ಬರುತ್ತದೆಂದು ಕೆಲವರು ಆಗಲೇ ತಲೆ ತಗ್ಗಿಸಿದರು.

ಅವನು ಬಲಗೈಯನ್ನು ಸೊಂಟದ ಪಟ್ಟಿಯೊಳಗೆ ತೂರಿಸಿಕೊಂಡು, ಎಡಗೈ ಎತ್ತಿ, ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚಿದ. ಹೊಲಿಗೆ ಹಾಕಿದ ಎರಡು ಮೋಟುಗಳು ಎಲ್ಲರಿಗೂ ಕಂಡವು. ಮೂರನೇ ಬೆರಳಿನ ಮೇಲೆ ಒಂದು ಗೀರೂ ಇರಲಿಲ್ಲ.

"ಇವಳ ಪೆಟ್ಟು ಕೂದಲೆಳೆಯಷ್ಟೂ ತಪ್ಪಲ್ಲ," ಅಂದ. "ನಾನು ತಟ್ಟಿದ ಜಾಗಕ್ಕೇ ಬಿತ್ತು. ನೋಡ್ಕೊಳ್ಳಿ."

ಎರಡನೇ ಒಲೆಯ ಕುಳ್ಳ ಮೇಸ್ತ್ರಿ ಕೆಮ್ಮಿ, "ಭುಜ ಕೂಡಿದ ಮೇಲೆ ನನ್ನ ಹತ್ರ ಬರಲಿ," ಅಂದ. ಬಂಡೆ ಹೂಂ ಅಂತ ತಲೆಯಾಡಿಸಿದಳು. ಗುಡುಗು ಮೇಸ್ತ್ರಿ ಬಟ್ಟೆಯನ್ನು ಮತ್ತೆ ಸುತ್ತಿಕೊಳ್ಳಲು ನೋಡಿದ, ಒಂದೇ ಕೈಯಲ್ಲಿ ಆಗಲಿಲ್ಲ. ಹಾಗೇ ಹಿಡಿದುಕೊಂಡು ಸಾಣೆಯ ಕಡೆ ನಡೆದ.