ಶಾನುಭೋಗರಿಗೆ ಕೊಟ್ಟ ನೀರು

ನನ್ನ ಬಾಯಿ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಒಂದು ದಿನ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಶಿರಸಿ ಕಡೆಯ ಬಿಳಗಿಯ ಹತ್ತಿರ ನಮ್ಮದೊಂದು ಬಾಡಿಗೆ ಮನೆ. ಯಜಮಾನರು ಮದುವೆ, ಮುಂಜಿಗೆ ಅಡಿಗೆ ಮಾಡಲು ಹೋಗುವವರು. ಲಗ್ನದ ದಿನಗಳು ಶುರುವಾದರೆ ಅವರೇ ಮನೆಗೆ ನೆಂಟರು. ಇರುತ್ತಿದ್ದದ್ದು ನಾನು, ಅತ್ತೆ, ಒಂಬತ್ತು ವರ್ಷದ ಮಗಳು. ಹುಟ್ಟುವಾಗ ಉಸಿರು ಕಟ್ಟಿದ್ದಕ್ಕೆ ಮಗಳ ಎರಡೂ ಕಾಲು ಸೆಟೆದುಕೊಂಡಿದ್ದವು, ಕೈ ನಡುಗುತ್ತಿತ್ತು. ಬುದ್ಧಿಗೆ ಎಂತ ಕಮ್ಮಿಯೂ ಇರಲಿಲ್ಲ, ನನಗಿಂತ ಚುರುಕು. ಶಿರಸಿಯಲ್ಲಿ ಕಾಲಿನ ವ್ಯಾಯಾಮ ಮಾಡಿಸುವವರೊಬ್ಬರು, ವಾರಕ್ಕೆರಡು ಸಲ ಕರೆತಂದರೆ ಕೋಲು ಹಿಡಿದಾದರೂ ಶಾಲೆಗೆ ನಡೆದು ಹೋದಾಳು, ಬಿಟ್ಟರೆ ಕಾಲು ಹಾಗೇ ಗಟ್ಟಿಯಾಗಿಬಿಡುತ್ತದೆ ಎಂದಿದ್ದರು. ಅಷ್ಟು ಸಲ ಹೋಗಿಬರುವ ಶಕ್ತಿ ನಮಗೆಲ್ಲಿತ್ತು? ಅದಕ್ಕೇ ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿದ್ದು.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ಲೋಟ ನೀರು, ಒಂದು ತುಂಡು ಬೆಲ್ಲ. ಎಂತಕ್ಕೆ ಬಂದಿರಿ ಎಂದು ಕೇಳುವುದು ಆಮೇಲೆ. ಮಗಳಿಗೆ ಆ ನೀರು ತಾನೇ ಕೊಡಬೇಕೆಂಬ ಹುಚ್ಚು. ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಲೋಟ ಹಿಡಿದು ಅಡಿಗೆಮನೆಯಿಂದ ಜಗಲಿಗೆ ಬರಲು ಒಂದು ವರ್ಷ ಕಲಿತಳು. ಎಷ್ಟು ಸಲ ಬಿದ್ದಳೋ, ಎಷ್ಟು ಲೋಟ ನೆಗ್ಗಿದವೋ! ಜಗಲಿ ಮುಟ್ಟುವಷ್ಟರಲ್ಲಿ ಎರಡು ಗುಟುಕು ನೀರು ಉಳಿದರೆ ಅದೇ ಹೆಚ್ಚು.

ಅರ್ಜಿಯ ವಿಚಾರಣೆಗೆ ಶಾನುಭೋಗರು ಬಂದರು; ಗ್ರಾಮ ಲೆಕ್ಕಿಗರನ್ನು ನಮ್ಮ ಕಡೆ ಹಳೆಯ ರೂಢಿಯಂತೆ ಹಾಗೇ ಕರೆಯುವುದು. ಪಾಪ, ಒಳ್ಳೆಯ ಮನುಷ್ಯ, ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದರು. ಅವರು ಚೀಲದಿಂದ ಕಾಗದ ತೆಗೆಯುವುದರೊಳಗೆ ಮಗಳು ಲೋಟ ಹಿಡಿದು ಹೊರಟೇಬಿಟ್ಟಳು. ತಡೆಯಬೇಕಿತ್ತು. ತಡೆಯಲಿಲ್ಲ, ಬಾಗಿಲಲ್ಲಿ ನೋಡುತ್ತ ನಿಂತೆ. ದೇವರೇ, ಅವತ್ತೇ ಆ ಲೋಟ ಹೆಚ್ಚುಕಮ್ಮಿ ತುಂಬಿಕೊಂಡೇ ಜಗಲಿ ಮುಟ್ಟಬೇಕೆ!

“ಅಡ್ಡಿಲ್ಲ, ಹುಡುಗಿ ಚುರುಕಿದ್ದಾಳೆ” ಎಂದರು ಶಾನುಭೋಗರು.

ಅಷ್ಟಕ್ಕೇ ನಾನು ಉಬ್ಬಿಹೋದೆ. “ಎಲ್ಲಾ ಮಾಡ್ತಾಳೆ ಶಾನುಭೋಗರೇ, ಯಾವುದಕ್ಕೂ ಹಿಂದೆ ಬೀಳೂದಿಲ್ಲ” ಎಂದೆ. ಏನೂ ಆಗಿಲ್ಲ ಎಂಬಂತೆ ಒಳಗಿನಿಂದ ಅತ್ತೆಯೂ, “ನಮ್ಮನೆ ಕೂಸಿಗೆ ಎಂತ ಆಜು? ಚೂರು ನಿಧಾನ, ಅಷ್ಟೇ” ಎಂದು ಸೇರಿಸಿದರು. ನೆಂಟರ ಮುಂದೆ ಹೇಳಿ ಹೇಳಿ ಇಬ್ಬರಿಗೂ ರೂಢಿಯಾದ ಮಾತು. ಶಾನುಭೋಗರು ಅದನ್ನೇ ಬರೆದುಕೊಂಡು, ನೀರು ಕುಡಿದು ಹೋದರು.

ಎರಡು ತಿಂಗಳ ಮೇಲೆ ಕಾಗದ ಬಂತು. ಬಾಲಕಿ ತಾನೇ ನಡೆದಾಡುತ್ತಾಳೆ, ಮನೆಗೆಲಸಕ್ಕೂ ನೆರವಾಗುತ್ತಾಳೆ, ಹಾಗಾಗಿ ಅರ್ಜಿ ತಿರಸ್ಕರಿಸಲಾಗಿದೆ. ನಾನು ಕಚೇರಿಗೆ ಹೋಗಿ ಕೂಗಾಡಿದೆ. ಗುಮಾಸ್ತ ಫೈಲು ತೆಗೆದು, “ಇದು ನೀವೇ ಹೇಳಿದ್ದಲ್ಲವೇನಮ್ಮಾ?” ಎಂದ. ಶಿರಸಿಯಲ್ಲಿ ಮೇಲಿನ ಸಾಹೇಬರಿದ್ದಾರೆ, ಮೇಲ್ಮನವಿ ಕೊಟ್ಟರೆ ಅವರು ಹುಡುಗಿಯನ್ನು ಕಣ್ಣಾರೆ ನೋಡುತ್ತಾರೆ ಎಂದು ಅವನೇ ದಾರಿ ಹೇಳಿದ. ಆಮೇಲೆ ಸಣ್ಣ ದನಿಯಲ್ಲಿ, “ಅವರ ಎದುರು ಮಾತ್ರ ನಡೆಸಬೇಡಿ” ಎಂದ.

ಮೇಲ್ಮನವಿಗೆ ಕರೆ ಬರಲು ಹತ್ತು ತಿಂಗಳು ಹಿಡಿಯಿತು. ಅಷ್ಟು ದಿನ ನಾನು ಮಗಳಿಗೆ ಕಲಿಸಿದ್ದು ಒಂದೇ, ಕೂತಲ್ಲಿಂದ ಏಳಬಾರದು, ಆಗುವುದಿಲ್ಲ ಎನ್ನಬೇಕು. “ಸಾಹೇಬರು ಎಂತ ಮಾಡು ಅಂದ್ರೂ ‘ನಂಗೆ ಆಗೂದಿಲ್ಲ’ ಹೇಳವು. ಏಳಡ.”

“ಯಂಗೆ ಆಗ್ತು, ಆಯಿ” ಎಂದಳು ಮಗಳು.

ಬೆನ್ನಿಗೊಂದು ಬಾರಿಸಿದೆ. ಅವಳ ಮೇಲೆ ಕೈ ಮಾಡಿದ್ದು ಅದೇ ಮೊದಲು, ಅದೂ ತನಗೆ ಆಗುತ್ತದೆ ಎಂದದ್ದಕ್ಕೆ. ಆಮೇಲೆ ಯಾರಾದರೂ ಮನೆಗೆ ಬಂದು ಅವಳು ಲೋಟಕ್ಕೆ ಕೈ ಹಾಕಿದರೆ ಕಸಿದುಕೊಳ್ಳುತ್ತಿದ್ದೆ. ಅಭ್ಯಾಸವಾಗಲಿ ಅಂತ.

ಶಿರಸಿಯ ಸಾಹೇಬರು ಧಾರವಾಡದ ಕಡೆಯವರು. “ಬರ್ರಿ, ಕೂಡ್ರಿ” ಎಂದು ಮರ್ಯಾದೆಯಿಂದಲೇ ಮಾತಾಡಿಸಿದರು. ಕಾಗದ ಓದಿದರು. ಮೂಲೆಯ ಸ್ಟೂಲಿನ ಮೇಲೆ ನೀರಿನ ತಂಬಿಗೆ, ಲೋಟ ಇದ್ದವು. ಅದನ್ನು ತೋರಿಸಿ, “ಏನವಾ, ನನಗೊಂದು ಲೋಟ ನೀರು ತಂದು ಕೊಡ್ತೀಯೇನು?” ಎಂದರು.

ಮಗಳ ಕೈ ಆಗಲೇ ಕುರ್ಚಿಯ ತುದಿ ಹಿಡಿದಿತ್ತು. ನಾನು ಅವಳ ಹೆಗಲ ಮೇಲೆ ಕೈ ಇಟ್ಟು ಒತ್ತಿದೆ.

“ನಂಗೆ ಆಗೂದಿಲ್ಲ” ಎಂದಳು. ಎಂದು ನನ್ನ ಮುಖ ನೋಡಿದಳು, ಸರಿಯಾಗಿ ಹೇಳಿದೆನಾ ಎಂಬಂತೆ.

ಪಿಂಚಣಿ ಮಂಜೂರಾಯಿತು. ಗೆದ್ದೆ ಎಂದುಕೊಂಡು ಮರುವಾರವೇ ಶಿರಸಿಗೆ ವ್ಯಾಯಾಮಕ್ಕೆ ಕರೆದುಕೊಂಡು ಹೋದೆ. ಮಾಡಿಸುವವರು “ಏಳು ಮಗಾ” ಎಂದರು. “ನಂಗೆ ಆಗೂದಿಲ್ಲ” ಎಂದಳು. ನಾನು ನಕ್ಕು, ಇವರು ಸಾಹೇಬರಲ್ಲ, ಇವರ ಹತ್ತಿರ ಏಳಬಹುದು ಎಂದೆ. ಏಳಲಿಲ್ಲ. ಗದರಿದೆ, ಕೈಮುಗಿದೆ, ಅವಳ ಎದುರೇ ಕಣ್ಣೀರು ಹಾಕಿದೆ. ಹಟವಲ್ಲ ಮಾರಾಯ್ರೆ, ಹಟವಾದರೆ ನನಗೆ ಗೊತ್ತಾಗುತ್ತಿರಲಿಲ್ಲವೇ? ಅವಳು ನಂಬಿಬಿಟ್ಟಿದ್ದಳು. ಎರಡು ವರ್ಷ ತಪ್ಪದೆ ಕರೆದೊಯ್ದೆ. ಕೊನೆಗೆ ಅವರೇ, ಕಾಲು ಸೆಟೆದು ಗಟ್ಟಿಯಾಗಿಬಿಟ್ಟಿದೆ, ಇನ್ನು ಸುಮ್ಮನೆ ಕರೆತರಬೇಡಿ ಎಂದರು.

ಕೆಲವು ವರ್ಷ ಕಳೆದು, ನಿವೃತ್ತರಾಗಿದ್ದ ಆ ಶಾನುಭೋಗರು ತಮ್ಮ ಮಗಳ ಮದುವೆಗೆ ಕರೆಯಲು ಬಂದರು. ನನ್ನ ಮಗಳು ಜಗಲಿಯಲ್ಲೇ ಕೂತಿದ್ದಳು. ಅವರಿಗೆ ಹಳೆಯದು ನೆನಪಿತ್ತು. “ಎಂತದೇ, ಈ ಸಲ ನನಗೆ ನೀರಿಲ್ಲವಾ?” ಎಂದು ನಗಾಡಿದರು.

“ನಂಗೆ ಆಗೂದಿಲ್ಲ” ಎಂದು ನನ್ನ ಮುಖ ನೋಡಿದಳು.

ನಾನು ನೀರು ತರಲು ಒಳಗೆ ಹೋದೆ.