ಪಟ್ಟಿಯಲ್ಲಿಲ್ಲದ ರಾಜ್ಯ

ಕಳೆದ ವರ್ಷ ಮಡಿಕೇರಿ ಹತ್ತಿರದ ಗಾಳಿಬೀಡಿನ ನನ್ನ ಸೋದರತ್ತೆಗೆ ಶ್ರೀಲಂಕಾ ನೋಡುವ ಆಸೆ ಹುಟ್ಟಿತು. ಅವರಿಗೂ ಮಾವನಿಗೂ ಪಾಸ್‌ಪೋರ್ಟಿನ ಅರ್ಜಿ ತುಂಬುವ ಘನಕಾರ್ಯ ನನ್ನ ಪಾಲಿಗೆ ಬಂತು. ಲಂಕೆಯೂ ಬೇರೆ ದೇಶವೇ ಎಂದು ಮಾವನನ್ನು ಒಪ್ಪಿಸಲು ಒಂದು ಲೋಟ ಕಾಫಿ ಸಾಕಾಯಿತು. ಅವರು ಹುಟ್ಟಿದ ರಾಜ್ಯ ಯಾವುದೆಂಬ ವಿಚಾರಕ್ಕೆ ಮೂರು ಲೋಟವೂ ಸಾಲಲಿಲ್ಲ.

“ಕೊಡಗು ಅಂತ ಹಾಕು,” ಎಂದರು ಮಾವ.

“ಮಾವ, ಅದು ಜಿಲ್ಲೆ.”

“ಈಗ ಜಿಲ್ಲೆ. ನಾ ಹುಟ್ಟುವಾಗ ರಾಜ್ಯ. ಮಡಿಕೇರೀಲಿ ಮುಖ್ಯಮಂತ್ರಿ ಇದ್ರು ಮಾರಾಯ! ಸುಳ್ಳು ಬರ್ದ ಅರ್ಜಿಗೆ ನಾ ಸಹಿ ಹಾಕುದಿಲ್ಲ.”

ಪರದೆಯ ಮೇಲಿನ ಪಟ್ಟಿಯನ್ನು ಎರಡು ಸಲ ಎಳೆದು ತೋರಿಸಿದೆ. ದೇಶದ ರಾಜ್ಯಗಳೆಲ್ಲ ಹಾಜರಿದ್ದವು, ಕೊಡಗೊಂದು ಇರಲಿಲ್ಲ. ಮಾವ ಕನ್ನಡಕ ತೆಗೆದಿಟ್ಟು, ಹಾಗಾದರೆ ತಾನು ಬರುವುದಿಲ್ಲವೆಂದು ಘೋಷಿಸಿದರು. ಅವರಿಲ್ಲದೆ ಅತ್ತೆ ಹೊರಡುವವರಲ್ಲ.

ಅಡುಗೆಮನೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಈಚೆ ಬಂದರು. ಅವರ ತವರು ಸುಳ್ಯ. ನಮ್ಮ ಅಜ್ಜನ ಮನೆ ಇದ್ದದ್ದು ಅಲ್ಲೇ.

“ನಾ ಹುಟ್ಟುವಾಗ ಸುಳ್ಯ ಮದ್ರಾಸಿಗೆ ಸೇರಿತ್ತು. ಅಷ್ಟು ದೊಡ್ಡ ರಾಜ್ಯ ಬಿಟ್ಟುಕೊಟ್ಟು ನಾ ಕರ್ನಾಟಕ ಅಂತ ಬರೆಸಿ ಆಯ್ತು. ಅಂಗೈಯಷ್ಟು ಕೊಡಗು ಬಿಡ್ಲಿಕ್ಕೆ ನಿಮಗೇನು ಇಷ್ಟು ಸಂಕಟ?”

ಮಾವ ಕನ್ನಡಕ ಮತ್ತೆ ಏರಿಸಿದರು. ಆಮೇಲೆ ಅವರ ಮುಖ ಅರಳಿತು.

“ಹಂಗಾದ್ರೆ ಮದ್ರಾಸ್ ರಾಜ್ಯದಿಂದ ಹೆಣ್ಣು ತಂದವ ನಾನು! ಹಾಕು, ಕರ್ನಾಟಕ. ಕೊಡಗು ನಾ ದಾನ ಕೊಟ್ಟದ್ದು ಅಂತ ತಿಳ್ಕೊಳ್ಳಲಿ.”

ನಾನು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಅತ್ತೆ ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತಿದ್ದರು.