ಡಾಂಬರು ಬಳಿದ ತೇಗ

ಡಾಂಬರಿನ ವಾಸನೆ ಬಂದರೆ ನಾನು ಈಗಲೂ ದಾರಿ ಬದಲಿಸುತ್ತೇನೆ. ಐವತ್ತರ ದಶಕದ ಕೊನೆಯಲ್ಲಿ ನಾನು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಮರ ವರ್ಷವರ್ಷವೂ ಗಾಳಿಯಿಂದ ಇಂಗಾಲ ಹೀರಿ ಒಂದೊಂದು ಉಂಗುರ ಬೆಳೆಸುತ್ತದೆ. ಸೂರ್ಯ ಮಂಕಾಗಿದ್ದ ಕಾಲದಲ್ಲಿ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಕೊಂಚ ಹೆಚ್ಚು, ಚುರುಕಾಗಿದ್ದಾಗ ಕಡಿಮೆ. ಹಾಗಾಗಿ ಹಳೆಯ ಮರವೊಂದರ ಉಂಗುರಗಳನ್ನು ಬಿಡಿಸಿ ಅಳೆದರೆ, ಸೂರ್ಯನ ಶತಮಾನಗಳ ಏರಿಳಿತ ತಿಳಿಯುತ್ತದೆ. ಅಳೆದುಕೊಡಲು ಹೊರದೇಶದ ಪ್ರಯೋಗಾಲಯವೊಂದು ಒಪ್ಪಿತ್ತು. ನನ್ನ ಡಾಕ್ಟರೇಟ್ ನಿಂತಿದ್ದೇ ಅದರ ಮೇಲೆ.

ನಾಯಂಡಹಳ್ಳಿಯ ಸಾಮಿಲ್ಲಿನಲ್ಲಿ ಅಂಥ ತೇಗದ ದಿಮ್ಮಿ ಸಿಕ್ಕಿತು. ತೆಳ್ಳನೆಯದೊಂದು ಬಿಲ್ಲೆ ಕೊಯ್ಸಿ ತಂದು ಕಾಲೇಜಿನ ವರಾಂಡದಲ್ಲಿ ಒಣಗಲು ಇಟ್ಟೆ. ಹಬ್ಬದ ರಜೆ ಮುಗಿಸಿ ಬಂದರೆ ಬಿಲ್ಲೆ ಕರ್ರಗೆ ಮಿಂಚುತ್ತಿದೆ. ನನ್ನ ಪ್ರೊಫೆಸರು ಜವಾನನಿಗೆ ಹೇಳಿ ಎರಡೂ ಕಡೆ ಬಿಸಿ ಡಾಂಬರು ಬಳಿಸಿದ್ದರು.

"ಗೆದ್ದಲು ಹತ್ತುತ್ತೆ ಅಂತ ಬಳಿಸಿದೆ ಕಣಯ್ಯ. ಮನೆ ತೊಲೆಗೆ ಹಚ್ಚಲ್ವೇನು ನಾವು?"

ಡಾಂಬರು ಯುಗಗಳಷ್ಟು ಹಳೆಯ ಇಂಗಾಲ. ಅದರಲ್ಲಿ ವಿಕಿರಣದ ಸುಳಿವೂ ಇರುವುದಿಲ್ಲ, ಮರದೊಳಗೆ ಇಳಿದರೆ ಅಳತೆಯೆಲ್ಲ ಸುಳ್ಳು. ಇದನ್ನು ನನಗೆ ಕಲಿಸಿದವರೇ ಈ ಮನುಷ್ಯ.

ಇನ್ನೊಂದು ಬಿಲ್ಲೆಗಾಗಿ ಮತ್ತೆ ಸಾಮಿಲ್ಲಿಗೆ ಓಡಿದೆ. ದಿಮ್ಮಿ ಇರಲಿಲ್ಲ.

"ನಿಮ್ ಮೇಷ್ಟ್ರೇ ಕೊಯ್ಸ್ಕೊಂಡು ಹೋದ್ರಲ್ಲ ಸಾರ್" ಎಂದ ಮಾಲೀಕ. "ರಾಜಾಜಿನಗರದಾಗೆ ಮನೆ ಕಟ್ಟಿಸ್ತಾವ್ರೆ, ಬಾಗ್ಲಿಗೆ."

ನನಗೆ ಅಸಹ್ಯವಾಯಿತು. ಮರ ಸಿಕ್ಕ ಸಂತೋಷದಲ್ಲಿ ಅದರ ಜಾಗ ಹೇಳಿದ್ದವನು ನಾನೇ. ಅವರು ನನ್ನ ಬೆನ್ನು ತಟ್ಟಿ, ಮರುದಿನವೇ ಹೋಗಿ ಮುಂಗಡ ಕೊಟ್ಟು ಬಂದಿದ್ದರಂತೆ.

ಗೃಹಪ್ರವೇಶಕ್ಕೆ ಕರೆದರು, ಹೋದೆ. ಹೊಸಿಲಿಗೆ ಅರಿಶಿನ ಕುಂಕುಮ, ಮೇಲೆ ಮಾವಿನ ತೋರಣ. ಬಣ್ಣ ಇನ್ನೂ ಹಚ್ಚಿರಲಿಲ್ಲ, ಚೌಕಟ್ಟಿನಲ್ಲಿ ಉಂಗುರದ ಗೆರೆಗಳು ನಿಚ್ಚಳವಾಗಿದ್ದವು. ಬಿಲ್ಲೆಯ ಡಾಂಬರು ಕೆರೆದು ಅದರ ಗೆರೆಗಳಿಗೆ ಹೊಂದಿಸಿ ನೋಡಿದರೆ ಯಾವುದು ಯಾವ ವರ್ಷದ್ದೆಂದು ಗೊತ್ತಾಗುತ್ತಿತ್ತು. ನಾಚಿಕೆ ಬಿಟ್ಟು ಕೇಳಿದೆ: "ಸಾರ್, ಹೊಸಿಲಲ್ಲಿ ಒಂದು ಗೇಣು ಕೊಯ್ದು ಕೊಡಿ. ಬೇರೆ ಮರ ನಾನು ಕೂರಿಸಿಕೊಡ್ತೀನಿ."

"ಪೂಜೆ ಆದ ಹೊಸಿಲಿಗೆ ಗರಗಸ ಹಾಕ್ತಾರೇನಯ್ಯ? ಒಳಗೆ ಬಾ, ಊಟ ಮಾಡು."

ಪಂಕ್ತಿಯಲ್ಲಿ ಕೂತಾಗ ಅವರ ದನಿ ಕೇಳಿಸಿತು. ಬೀಗರಿಗೆ ಬಾಗಿಲು ತೋರಿಸುತ್ತಿದ್ದರು: "ಸೈನ್ಸಿಗೇ ಬೇಕಾಗಿದ್ದ ಮರ ಕಣ್ರೀ ಇದು. ನಮ್ಮ ಪುಣ್ಯ, ನಮ್ಮನೆಗೆ ಬಂತು."

ಒಬ್ಬಟ್ಟು ಬಡಿಸುತ್ತಿದ್ದರು. ಎಲೆ ಬಿಟ್ಟು ಎದ್ದೆ. ಹೊರಗೆ ಹೋಗಲು ಆ ಹೊಸಿಲನ್ನೇ ದಾಟಬೇಕಿತ್ತು.